ಊರಿನ ಆರ್ಟ್ ಗ್ಯಾಲರಿಗೆ 25 ತುಂಬಿದಾಗ: ಕಟ್ಟಿದವರನ್ನ ಮುಂದಿಟ್ಕೊಂಡು ಹಬ್ಬ ಮಾಡೋದು ಹೇಗೆ

ನಮ್ಮೂರಿನ ಗ್ಯಾಲರಿಗೆ 25 ತುಂಬಿದಾಗ ಅದರ ಕೆಲಸಕ್ಕೆ ಒಂದು ವರ್ಷ ಪೂರ್ತಿ ಓಡಾಡಿದವರಲ್ಲಿ ನಾನೂ ಒಬ್ಬಳು. ಅದಾದ್ಮೇಲೆ ಅಕ್ಕಪಕ್ಕದ ಊರಿನವರು ಫೋನ್ ಮಾಡಿ "ಅಕ್ಕ ನಮ್ಮದೂ ಬರ್ತಾ ಇದೆ, ಎಲ್ಲಿಂದ ಶುರು ಮಾಡೋದು ಹೇಳಿ" ಅಂತ ಕೇಳ್ತಿರ್ತಾರೆ, ಒಬ್ಬೊಬ್ಬರಿಗೂ ಮೊದಲಿಂದ ಹೇಳೋ ಬದಲು ಒಂದ್ಸಲ ಬರೆದಿಟ್ರೆ ಎಲ್ಲರಿಗೂ ಆಗತ್ತೆ ಅಂತ ಇದನ್ನ ಬರೀತಿದೀನಿ. ನಮ್ಮದು ದೊಡ್ಡ ಗ್ಯಾಲರಿ ಏನಲ್ಲ. ಮಲೆನಾಡಿನ ಅಂಚಿನ ತಾಲ್ಲೂಕು ಊರು, ಹಳೇ ಅಡಿಕೆ ಮಂಡಿಯ ಉಪ್ಪರಿಗೆ, ಎರಡು ದೊಡ್ಡ ಕೋಣೆ ಒಂದು ಸಣ್ಣ ಕೋಣೆ. ಕಟ್ಟಿದವರು ಇಬ್ಬರು ಡ್ರಾಯಿಂಗ್ ಮೇಷ್ಟ್ರು, ಒಬ್ಬರು ಬೋರ್ಡ್ ಬರೆಯೋ ಪೇಂಟರ್, ಒಬ್ಬರು ಫೋಟೋ ಸ್ಟುಡಿಯೋದವರು, ಒಬ್ಬರು ಹಸೆ ಚಿತ್ತಾರ, ಅಂದ್ರೆ ಮಲೆನಾಡಿನ ಮನೆಗೋಡೆ ಮೇಲಿನ ಚಿತ್ರ, ಬರೆಯೋ ಅಮ್ಮ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇದೆಲ್ಲ ಒಂದು ಗಂಟೇಲಿ ಮುಗಿದೋಗತ್ತೆ. ಕಟ್ಟಿದವರಿಗೆ ಈಗ ಎಪ್ಪತ್ತೋ ಎಂಬತ್ತೋ ಆಗಿರತ್ತೆ, ಅವರ ನೆನಪಲ್ಲಿ ಇರೋದು, ಅವರ ಅಟ್ಟದ ಮೇಲೆ ಇರೋದು ಇನ್ನೆಲ್ಲೂ ಇರಲ್ಲ. ಅದನ್ನ ಕೆಳಗೆ ಇಳಿಸಿಕೊಳ್ಳೋಕೆ ಈ ಹಬ್ಬ ಒಂದು ಒಳ್ಳೇ ನೆಪ, ಯಾಕಂದ್ರೆ ಸುಮ್ನೆ ಹೋಗಿ ಕೇಳಿದ್ರೆ "ಅಯ್ಯೋ ಅದೆಲ್ಲ ಯಾಕೀಗ ಬಿಡಮ್ಮ" ಅಂತಾರೆ, 25ರ ಹಬ್ಬಕ್ಕೆ ಬೇಕು ಅಂದ್ರೆ ಟ್ರಂಕು ತೆಗೀತಾರೆ. ನಾವು ಮೊದಲ ಮೂರು ತಿಂಗಳು ಸಮಿತಿ, ಉಪಸಮಿತಿ, ಲೆಟರ್‌ಹೆಡ್ಡು ಅಂತ ಕಳೆದ್ವಿ. ಆಮೇಲೆ ಬೋರ್ಡ್ ಬರೆಯೋ ಪೇಂಟರ್ ಅಣ್ಣನ ಹತ್ರ ಒಂದೇ ಒಂದು ಸಲ ಕೂತು ಮಾತಾಡೋಕೆ ಆಗಿದ್ದು, ಹಬ್ಬಕ್ಕೆ ಐದು ತಿಂಗಳು ಇರೋವಾಗ ಅವರು ತೀರ್ಕೊಂಡ್ರು. ಗ್ಯಾಲರಿಯ ಮೊದಲ ಬೋರ್ಡು ಅವರ ಕೈಯಿಂದ ಬಂದಿದ್ದು, ಆ ಅಕ್ಷರಾನ ಅವರು ಯಾರ ಹತ್ರ ಕಲಿತ್ರು ಅಂತ ಕೇಳೋದು ಬಾಕಿ ಇತ್ತು. ಅದಕ್ಕೇ ಹೇಳ್ತಿರೋದು, ಸಮಿತಿ ಆಮೇಲೆ ಆಗಲಿ, ವಯಸ್ಸಾದವರ ಮನೆಗೆ ಮೊದಲು ಹೋಗಿ.

ತಾರೀಕು ಯಾವುದು ಅಂತ ಮೊದಲು ಗಟ್ಟಿ ಮಾಡ್ಕೊಳ್ಳಿ

ಇದು ಸುಲಭ ಅನ್ಸತ್ತೆ ಆದ್ರೆ ಅಲ್ಲೇ ಜಗಳ ಶುರುವಾಗೋದು. ಮೊದಲ ಪ್ರದರ್ಶನ ಆದ ದಿನ ಒಂದು, ಬಾಡಿಗೆ ಕರಾರು ಆದ ದಿನ ಒಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅಡಿ ರಿಜಿಸ್ಟರ್ ಆದ ದಿನ ಇನ್ನೊಂದು. ಮೈಸೂರಿನ ಜಗನ್ಮೋಹನ ಅರಮನೇನೇ ನೋಡಿ, ಕಟ್ಟಡ 1861ರದ್ದು, ಚಿತ್ರಶಾಲೆ ಆಗಿದ್ದು 1915ರಲ್ಲಿ. ಯಾವುದರಿಂದ ಎಣಿಸ್ತೀರಾ ಅನ್ನೋದ್ರ ಮೇಲೆ ಕಥೆನೇ ಬೇರೆ ಆಗತ್ತೆ ಅಲ್ವಾ. ನನ್ನ ಅಭಿಪ್ರಾಯ ಏನಂದ್ರೆ ಊರಿನ ಜನ ಮೊದಲ ಸಲ ಒಳಗೆ ಬಂದು ಚಿತ್ರ ನೋಡಿದ ದಿನಾನೇ ಹುಟ್ಟಿದ ದಿನ, ರಿಜಿಸ್ಟ್ರೇಷನ್ ಸರ್ಟಿಫಿಕೇಟು ಬ್ಯಾಂಕಿಗೆ. ಆದ್ರೆ ಅದಕ್ಕೆ ಸಾಕ್ಷಿ ಬೇಕು. ಮೊದಲ ಆಹ್ವಾನ ಪತ್ರಿಕೆ ಹುಡುಕಿ, ಸಿಗದಿದ್ರೆ ನಡಾವಳಿ ಪುಸ್ತಕ, ಅದೂ ಇಲ್ಲಾಂದ್ರೆ ರಸೀದಿ ಪುಸ್ತಕದ ಅರ್ಧ ಹರಿದ ಹಾಳೆಗಳು, ವಿಸಿಟರ್ಸ್ ಬುಕ್ಕಿನ ಮೊದಲ ಪುಟ. ಆ ವಾರದ ಜಿಲ್ಲಾ ಪತ್ರಿಕೆ ಲೈಬ್ರರೀಲಿ ಸಿಕ್ಕರೂ ಸಿಗಬಹುದು. ನಮಗೆ ಸಿಕ್ಕಿದ್ದು ಸ್ಟುಡಿಯೋದವರ ನೆಗೆಟಿವ್ ಕವರಿನ ಮೇಲೆ ಪೆನ್ಸಿಲಲ್ಲಿ ಬರೆದಿದ್ದ ತಾರೀಕು, ಅದು ಎಲ್ಲರೂ ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದಕ್ಕಿಂತ ಏಳು ತಿಂಗಳು ಹಿಂದಿನದು! ಹಾಗಾಗಿ ಯಾವ ಕಾಗದಾನೂ ರದ್ದಿ ಅಂತ ಬಿಸಾಕ್ಬೇಡಿ.

ಮಲೆನಾಡು ಕರಾವಳಿ ಕಡೆಯವರಾದ್ರೆ ಇನ್ನೊಂದು, ತಾರೀಕು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದ್ರೆ ಪ್ರದರ್ಶನಾನ ಡಿಸೆಂಬರ್ ಜನವರಿಗೆ ಹಾಕಿ, ಆ ದಿನಕ್ಕೆ ಸಣ್ಣದಾಗಿ ದೀಪ ಹಚ್ಚಿ ಸಾಕು. ಮಳೆಗಾಲದಲ್ಲಿ ಬೇರೆ ಮನೆಯಿಂದ ಕಾಗದದ ಚಿತ್ರ ತರಿಸಿಕೊಳ್ಳೋದು ಅಂದ್ರೆ ಬೂಷ್ಟನ್ನ ಕರೆದು ಕೂರಿಸಿದ ಹಾಗೆ.

ಕಟ್ಟಿದವರು ಅಂದ್ರೆ ಯಾರ್ಯಾರು

ಚೆನ್ನೈ ಹತ್ರ ಈಂಜಂಬಾಕ್ಕಂನಲ್ಲಿ ಚೋಳಮಂಡಲ ಅಂತ ಕಲಾವಿದರ ಹಳ್ಳಿ ಇದೆಯಲ್ಲ, 1966ರಲ್ಲಿ ಶುರುವಾಗಿದ್ದು, ಅದಕ್ಕೆ ಎಲ್ಲರೂ ಹೇಳೋದು ಕೆ.ಸಿ.ಎಸ್. ಪಣಿಕ್ಕರ್ ಹೆಸರು, ಅವರು ಆಗ ಮದ್ರಾಸ್ ಸರ್ಕಾರಿ ಕಲಾಶಾಲೆಯ ಪ್ರಿನ್ಸಿಪಾಲ್. ಹೇಳಬೇಕಾದ ಹೆಸರೇ, ಅನುಮಾನ ಇಲ್ಲ. ಆದ್ರೆ ಆ ಸಮುದ್ರದಂಡೆ ಜಾಗ ಕೊಂಡ ದುಡ್ಡು ಎಲ್ಲಿಂದ ಬಂತು ಅಂತ ನೋಡಿದ್ರೆ ಮೂವತ್ತಕ್ಕೂ ಹೆಚ್ಚು ಕಲಾವಿದರು ಕೂತು ಬಾಟಿಕ್ಕು (ಮೇಣ ಹಚ್ಚಿ ಬಣ್ಣ ಹಾಕೋ ಬಟ್ಟೆ), ಕರಕುಶಲ ಸಾಮಾನು ಅಂತ ಮಾಡಿ ಮಾರಿ ಕೂಡಿಸಿದ್ದು. ಹೊಟ್ಟೆಪಾಡಿಗೆ ಬಾಟಿಕ್ಕು, ಮನಸ್ಸಿಗೆ ಚಿತ್ರ. ಅದರಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಅವರೂ ಒಬ್ಬರು, ಆಗಿನ್ನೂ ಇಪ್ಪತ್ತೈದರ ಹುಡುಗ. ಪಣಿಕ್ಕರ್ ಅನ್ನೋ ಒಂದು ಹೆಸರಿನ ಹಿಂದೆ ಎಷ್ಟು ಜನರ ಕೈ ಇತ್ತು ನೋಡಿ.

ನಿಮ್ಮ ಗ್ಯಾಲರೀಲೂ ಹೀಗೇ ಇರತ್ತೆ. ರಿಜಿಸ್ಟ್ರೇಷನ್ ಪತ್ರದಲ್ಲಿ ಏಳು ಸಹಿ ಇರಬಹುದು, ಅದರಲ್ಲಿ ಮೂರು ಜನ ಸಂಖ್ಯೆ ತುಂಬಿಸೋಕೆ ಸಹಿ ಹಾಕಿದವರು, ಸಹಿ ಹಾಕದೇ ದುಡಿದವರು ಎಂಟು ಜನ. ಹಂಗಾಗಿ ಕಾಗದ ನೋಡಿ ಪಟ್ಟಿ ಮಾಡ್ಬೇಡಿ, ಕೆಲಸ ನೋಡಿ ಮಾಡಿ. ಗೋಡೆಗೆ ಸುಣ್ಣ ಹೊಡೆದವರು ಯಾರು, ಮೊದಲ ಫ್ರೇಮು ಮಾಡಿಕೊಟ್ಟ ಬಡಗಿ ಯಾರು, ಮೂರು ವರ್ಷ ಬಾಡಿಗೆ ಕೇಳದೇ ಬಿಟ್ಟ ಮಂಡಿ ಸಾಹುಕಾರ್ರು ಯಾರು, ಪ್ರದರ್ಶನದ ದಿನ ಮೂವತ್ತು ಜನಕ್ಕೆ ಚಿತ್ರಾನ್ನ ಕಲಸಿ ಕಳಿಸ್ತಿದ್ದ ಮೇಷ್ಟ್ರ ಹೆಂಡತಿ ಯಾರು, ದಿನಾ ಸಂಜೆ ಬೀಗ ತೆಗೀತಿದ್ದವರು ಯಾರು. ನಮ್ಮ ಪಟ್ಟಿ ಐದರಿಂದ ಶುರುವಾಗಿ ಹದಿನಾಲ್ಕಕ್ಕೆ ನಿಂತ್ತು. ಆ ಹದಿನಾಲ್ಕೂ ಹೆಸರನ್ನ ಒಂದೇ ಸೈಜಿನ ಅಕ್ಷರದಲ್ಲಿ ಬಾಗಿಲ ಪಕ್ಕ ಬರೆಸಿದ್ವಿ, ಪೇಂಟರ್ ಅಣ್ಣನ ಶಿಷ್ಯನ ಕೈಯಲ್ಲೇ. ಇದರಲ್ಲಿ ಒಬ್ಬಿಬ್ಬರಿಗೆ ಬೇಜಾರಾಯ್ತು, "ಬಡಗಿ ಹೆಸರು ನಮ್ಮ ಜೊತೆಗಾ" ಅಂತ. ಅಲ್ಲಿ ಬಗ್ಗಬೇಡಿ. ಆ ಮಾತನ್ನ ಸರಿ ಮಾಡಿದ್ದು ಹಿರಿಯ ಮೇಷ್ಟ್ರೇ, "ಅವನಿಲ್ದಿದ್ರೆ ನನ್ನ ಚಿತ್ರ ಇವತ್ತಿಗೂ ಮಂಚದ ಕೆಳಗಿರ್ತಿತ್ತು" ಅಂದ್ರು, ಅಲ್ಲಿಗೆ ಮುಗೀತು.

ಕೂತು ಮಾತಾಡಿಸೋದು

ಇದು ಎಲ್ಲಕ್ಕಿಂತ ದೊಡ್ಡ ಕೆಲಸ ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊಬೈಲ್ ಸಾಕು, ದೊಡ್ಡ ಕ್ಯಾಮೆರಾ ತಗೊಂಡು ಹೋದ್ರೆ ಹಿರಿಯರು ಗಟ್ಟಿಯಾಗಿ ಕೂತು ಭಾಷಣ ಮಾಡೋಕೆ ಶುರು ಮಾಡ್ತಾರೆ. ಏರೋಪ್ಲೇನ್ ಮೋಡ್ ಹಾಕಿ, ಫೋನನ್ನ ಅವರ ಹತ್ರ ಒಂದು ಮೊಳ ದೂರದಲ್ಲಿ ಬಟ್ಟೆ ಮೇಲಿಡಿ, ಫ್ಯಾನ್ ಆಫ್ ಮಾಡಿ, ಟಿವಿ ಆಫ್ ಮಾಡೋಕೆ ಮನೆಯವರಿಗೆ ಹೇಳಿ. ಎರಡನೇ ಫೋನಲ್ಲೂ ರೆಕಾರ್ಡ್ ಮಾಡಿ, ಒಂದು ಕೈಕೊಟ್ರೆ ಇನ್ನೊಂದು ಇರತ್ತೆ. ಶುರುವಲ್ಲಿ ತಾರೀಕು, ಜಾಗ, ಯಾರು ಯಾರು ಕೂತಿದೀವಿ ಅಂತ ನೀವೇ ಹೇಳಿ. ಇದನ್ನ ಎಲ್ಲೆಲ್ಲಿ ಬಳಸ್ತೀವಿ ಅಂತ ಮೊದಲೇ ತಿಳಿಸಿ ಒಂದು ಹಾಳೇಲಿ ಸಹಿ ತಗೊಳ್ಳಿ, "ಇಷ್ಟು ಮಾತು ಹೊರಗೆ ಬೇಡ" ಅಂದ್ರೆ ಅದನ್ನೂ ಅದೇ ಹಾಳೇಲಿ ಬರೀರಿ ಮತ್ತೆ ಆ ಮಾತಿಗೆ ನಿಂತ್ಕೊಳ್ಳಿ. ಒಂದು ಸಲಕ್ಕೆ ಒಂದು ಗಂಟೆ, ಅಷ್ಟೇ. ಬೆಳಗ್ಗೆ ಹೋಗಿ, ಊಟ ಆದ್ಮೇಲೆ ಅವರಿಗೆ ಆಯಾಸ.

ಏನು ಕೇಳೋದು ಅಂದ್ರೆ, "ಮೇಷ್ಟ್ರೇ ಆಗ ನಿಮಗೆ ಏನನ್ನಿಸ್ತು" ಅಂತ ಕೇಳಿದ್ರೆ "ಖುಷಿ ಆಯ್ತು" ಅಂತಾರೆ ಮುಗೀತು. ಕೈಗೆ ವಸ್ತು ಕೊಡಿ. ಹಳೇ ಫೋಟೋ, ಹಳೇ ಬ್ರಷ್ಷು, ಮೊದಲ ಪ್ರದರ್ಶನದ ಪಟ್ಟಿ. "ಈ ಫೋಟೋದಲ್ಲಿ ಎಡಗಡೆ ಕೊನೇಲಿ ನಿಂತಿರೋರು ಯಾರು" ಅಂದ್ರೆ ಅಲ್ಲಿಂದ ಹತ್ತು ನಿಮಿಷ ಮಾತು ಬರತ್ತೆ. "ಬಾಡಿಗೆ ಎಷ್ಟಿತ್ತು, ಯಾರು ಕೊಡ್ತಿದ್ರು, ಕೊಡೋಕಾಗ್ದಿದ್ದ ತಿಂಗಳು ಏನ್ ಮಾಡಿದ್ರಿ" ಅಂತ ಕೇಳಿ. "ಬಣ್ಣ ಎಲ್ಲಿಂದ ತರಿಸ್ತಿದ್ರಿ" ಕೇಳಿ, ನಮ್ಮ ಮೇಷ್ಟ್ರು ಬೆಂಗಳೂರಿಗೆ ಹೋಗೋ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ದುಡ್ಡು ಕೊಟ್ಟು ಟ್ಯೂಬು ತರಿಸ್ತಿದ್ರಂತೆ, ಆ ಕಂಡಕ್ಟರ್ರೂ ನಮ್ಮ ಹದಿನಾಲ್ಕರ ಪಟ್ಟೀಲಿ ಸೇರಿದ್ರು. ಮತ್ತೆ "ಯಾವ ವರ್ಷ ಮುಚ್ಚೇಬಿಡೋಣ ಅನ್ಸಿತ್ತು" ಅಂತ ಕೇಳಿ. ಇದು ಕೇಳೋಕೆ ಸಂಕೋಚ ಆಗತ್ತೆ ಆದ್ರೆ ಎಲ್ಲಾ ಗ್ಯಾಲರಿಗೂ ಅಂಥ ವರ್ಷ ಇರತ್ತೆ, ಆಗ ಯಾರು ತಡೆದ್ರು ಅನ್ನೋದ್ರಲ್ಲೇ ಗ್ಯಾಲರಿಯ ಚರಿತ್ರೆ ಇರತ್ತೆ. ಅವರು ಸುಮ್ಮನಾದ್ರೆ ನೀವೂ ಸುಮ್ಮನಿರಿ, ತಕ್ಷಣ ಮುಂದಿನ ಪ್ರಶ್ನೆ ಹಾಕ್ಬೇಡಿ. ಇಬ್ಬರು ಕಟ್ಟಿದವರ ನಡುವೆ ಮಾತು ಬಿಟ್ಟಿದ್ರೆ ಬೇರೆ ಬೇರೆ ಕೂರಿಸಿ ಕೇಳಿ, ಎರಡೂ ಮಾತನ್ನ ಹಾಗೇ ಇಟ್ಕೊಳ್ಳಿ, ತೀರ್ಪು ಕೊಡೋಕೆ ಹೋಗ್ಬೇಡಿ.

ಹೆಂಗಸರನ್ನ ಮಾತಾಡಿಸೋವಾಗ ಗಂಡಸರು ಮಧ್ಯ ಬಾಯಿ ಹಾಕ್ತಾರೆ. ಹಸೆ ಚಿತ್ತಾರದ ಅಮ್ಮನ ಹತ್ರ ಮೊದಲ ಸಲ ಹಾಗೇ ಆಯ್ತು, ಎರಡನೇ ಸಲ ಹಿತ್ತಲಲ್ಲಿ ಅವರು ಅಡಿಕೆ ಸುಲೀತಾ ಇರೋವಾಗ ನಾವೂ ಕೂತು ಸುಲೀತಾ ಕೇಳಿದ್ವಿ, ಆಗ ಬಂತು ಮಾತು.

ಕಟ್ಟಿದವರು ಈಗಾಗ್ಲೇ ಇಲ್ಲ ಅಂದ್ರೆ ಅವರ ಶಿಷ್ಯರ ಹತ್ರ ಹೋಗಿ. ಬೆಂಗಳೂರಿನ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ್ ಮೇಷ್ಟ್ರು ಈಗಿಲ್ಲ, ಆದ್ರೆ ಭದ್ರಾವತೀಲಿ ಹುಟ್ಟಿ ಕೆನ್ ಶಾಲೇಲಿ ಕಲಿತ ಶೀಲಾ ಗೌಡ ಅವರ ಕೆಲಸ ಇವತ್ತು ಪ್ರಪಂಚದ ದೊಡ್ಡ ದೊಡ್ಡ ಮ್ಯೂಸಿಯಂನಲ್ಲಿದೆ. ನಿಮ್ಮ ಗ್ಯಾಲರೀಲಿ ಭಾನುವಾರದ ಕ್ಲಾಸಿಗೆ ಬಂದ ಮಕ್ಕಳು ಈಗ ಎಲ್ಲಿದಾರೆ ಅಂತ ಒಂದು ಪಟ್ಟಿ ಮಾಡಿ. ಎಲ್ಲರೂ ಕಲಾವಿದರೇ ಆಗಿರ್ಬೇಕು ಅಂತಿಲ್ಲ, ನಮ್ಮಲ್ಲಿ ಒಬ್ಬಳು ಹಲ್ಲಿನ ಡಾಕ್ಟರು, ಒಬ್ಬ ಟೈಲ್ಸ್ ಹಾಕೋ ಮೇಸ್ತ್ರಿ, ಅವನು ಹಾಕಿದ ನೆಲ ನೋಡಿದ್ರೆ ಗೊತ್ತಾಗತ್ತೆ ಎಲ್ಲಿ ಕಲಿತಿದ್ದು ಅಂತ.

ಚಿತ್ರಗಳ ಲೆಕ್ಕ

25 ವರ್ಷದಲ್ಲಿ ಕೂಡಿದ ಚಿತ್ರಗಳಿಗೆ ಲೆಕ್ಕ ಇದೆಯಾ? ಬಹಳಷ್ಟು ಕಡೆ ಇರಲ್ಲ. ಈ ಹಬ್ಬದಲ್ಲೇ ಮಾಡಿಬಿಡಿ. ಒಂದು ದೊಡ್ಡ ರಿಜಿಸ್ಟರು, ಜೊತೆಗೆ ಒಂದು ಎಕ್ಸೆಲ್ ಶೀಟು. ಪ್ರತಿ ಚಿತ್ರಕ್ಕೂ ಒಂದು ನಂಬರು, ಬಂದ ವರ್ಷ ಮೊದಲು ಆಮೇಲೆ ಸರಣಿ, ಉದಾಹರಣೆಗೆ 2003-14. ಕಲಾವಿದರ ಹೆಸರು, ಚಿತ್ರದ ಹೆಸರು ಇದ್ರೆ ಅದು, ಬರೆದ ವರ್ಷ, ಮಾಧ್ಯಮ, ಎತ್ತರ ಮತ್ತು ಅಗಲ ಸೆಂಟಿಮೀಟರಲ್ಲಿ, ಫ್ರೇಮು ಬಿಟ್ಟು ಅಳೀರಿ, ಸಹಿ ಎಲ್ಲಿದೆ, ಹೇಗೆ ಬಂತು (ದಾನವೋ ಕೊಂಡಿದ್ದೋ ಯಾರೋ ಬಿಟ್ಟು ಹೋಗಿದ್ದೋ), ಈಗ ಹೇಗಿದೆ. ನಂಬರನ್ನ ಚಿತ್ರದ ಹಿಂದೆ ಮೆತ್ತಗಿನ ಪೆನ್ಸಿಲಲ್ಲಿ ಮೂಲೇಲಿ ಬರೀರಿ. ಪೆನ್ನು ಬೇಡ, ಸ್ಕೆಚ್ ಪೆನ್ನಂತೂ ಬೇಡವೇ ಬೇಡ, ಇಂಕು ವರ್ಷ ಕಳೆದ್ಮೇಲೆ ಮುಂದಕ್ಕೆ ಹಾಯತ್ತೆ. ಸೆಲೋಟೇಪೂ ಹಾಗೇ, ಅಂಟು ಕಾಗದದೊಳಗೆ ಇಳಿದು ಹಳದಿ ಮಚ್ಚೆ ಆಗತ್ತೆ.

ಫೋಟೋ ತೆಗೆಯೋವಾಗ ಫ್ಲಾಶ್ ಹಾಕ್ಬೇಡಿ, ಉತ್ತರದ ಕಿಟಕಿ ಹತ್ರ ಮೋಡದ ಬೆಳಕಲ್ಲಿ ನೇರ ನಿಲ್ಲಿಸಿ ತೆಗೀರಿ, ಮುಂದೆ ಒಂದು ಹಿಂದೆ ಒಂದು. ಹಿಂದೆ ಬರೆದಿರೋದು ಎಷ್ಟೋ ಸಲ ಮುಂದಿನ ಚಿತ್ರದಷ್ಟೇ ಬೆಲೆಬಾಳತ್ತೆ, ಹಳೇ ಪ್ರದರ್ಶನದ ಚೀಟಿ, ಯಾರಿಗೋ ಬರೆದ ಎರಡು ಸಾಲು ಎಲ್ಲ ಅಲ್ಲಿರತ್ತೆ. ಬೂಷ್ಟು ಹಿಡಿದಿರೋದನ್ನ ಬೇರೆ ಇಡಿ, ಒದ್ದೆ ಬಟ್ಟೇಲಿ ಒರೆಸೋಕೆ ಯಾರನ್ನೂ ಬಿಡ್ಬೇಡಿ, ಗಾಳಿ ಆಡೋ ಒಣ ಕೋಣೇಲಿ ಇಟ್ಟು ಆಮೇಲೆ ತಿಳಿದವರ ಕೈಗೆ ಕೊಡಿ. ಗೆದ್ದಲು ಬಂದ ಫ್ರೇಮು ಕಂಡ್ರೆ ಅವತ್ತೇ ಆ ಕೋಣೆಯಿಂದ ಆಚೆ.

ಇದ್ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಕಟ್ಟಿದವರು ನಿಜವಾಗಿ ಕಟ್ಟಿದ್ದು ಕೂಡಿಟ್ಟಿದ್ದರಲ್ಲೇ ಇರೋದು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಹುಟ್ಟಿದ್ದು, ಅದನ್ನ ಬೆಳೆಸಿದವರಲ್ಲಿ ಎಂ.ಎಸ್. ನಂಜುಂಡರಾವ್ ಅವರು ಮುಖ್ಯ, ಅವರು ತೊಗಲುಗೊಂಬೆಗಳ ಹಿಂದೆ ಬಿದ್ದು ಅಧ್ಯಯನ ಮಾಡಿದವರು. ಇವತ್ತು ಕುಮಾರಕೃಪಾ ರಸ್ತೆಯ ಆ ಮ್ಯೂಸಿಯಂನಲ್ಲಿ ತೊಗಲುಗೊಂಬೆ, ಮೈಸೂರು ಸಾಂಪ್ರದಾಯಿಕ ಚಿತ್ರಗಳ ಮುಂದೆ ನಿಂತ್ಕೊಂಡ್ರೆ ಒಬ್ಬರ ಹಠ ಏನು ಉಳಿಸಬಹುದು ಅಂತ ಕಣ್ಣಿಗೆ ಕಾಣತ್ತೆ. ನಿಮ್ಮ ಸಣ್ಣ ಊರಲ್ಲೂ ಯಾರೋ ಒಬ್ಬರು ಹೀಗೆ ಕೂಡಿಟ್ಟಿರ್ತಾರೆ, ಅದಕ್ಕೊಂದು ಪಟ್ಟಿ ಆಗಬೇಕು.

ಬೇರೆಯವರ ಮನೆಯಿಂದ ಚಿತ್ರ ತರೋದು

ಕಟ್ಟಿದವರ ಒಳ್ಳೊಳ್ಳೇ ಕೆಲಸ ಎಲ್ಲ ಮದುವೆಗೆ ಗೃಹಪ್ರವೇಶಕ್ಕೆ ಅಂತ ಕೊಟ್ಟು ಊರ ತುಂಬ ಹಂಚಿಹೋಗಿರತ್ತೆ. ಅದನ್ನ ಒಂದು ತಿಂಗಳ ಮಟ್ಟಿಗೆ ಒಟ್ಟಿಗೆ ತಂದು ತೋರಿಸೋದೇ ನನ್ನ ಪ್ರಕಾರ ಅತಿ ಚಂದದ ಹಬ್ಬ. ಆದ್ರೆ ಬಾಯಿಮಾತಲ್ಲಿ ತರಬೇಡಿ, ಎಷ್ಟೇ ಹತ್ತಿರದವರಾದ್ರೂ. ಎರಡು ಪ್ರತಿ ರಸೀದಿ ಮಾಡಿ, ಚಿತ್ರದ ವಿವರ, ಯಾವತ್ತು ತಂದಿದ್ದು ಯಾವತ್ತು ವಾಪಸ್, ಮಾಲೀಕರ ಹೆಸರು ಪ್ರದರ್ಶನದಲ್ಲಿ ಹಾಕಬಹುದಾ ಬೇಡ್ವಾ, ತರೋವಾಗ ಏನೇನು ಕಲೆ ಬಿರುಕು ಇತ್ತು. ಅವರ ಕಣ್ಣೆದುರೇ ಫೋಟೋ ತೆಗೆದು ಅವರಿಗೂ ವಾಟ್ಸಾಪ್ ಮಾಡಿ. ಗಾಜಿನ ಫ್ರೇಮಾದ್ರೆ ಗಾಜಿನ ಮೇಲೆ ಮಾಸ್ಕಿಂಗ್ ಟೇಪು ಅಡ್ಡಡ್ಡ ಅಂಟಿಸಿ, ಒಡೆದ್ರೂ ಚೂರು ಚಿತ್ರದ ಮೇಲೆ ಬೀಳಲ್ಲ. ಗಾಜಿಲ್ಲದ ಕ್ಯಾನ್ವಾಸಿಗೆ ಬಬಲ್ ಶೀಟು ನೇರ ಸುತ್ತಬೇಡಿ, ಬಿಸಿಲಿಗೆ ಗುಳ್ಳೆ ಗುರುತು ಬಣ್ಣದ ಮೇಲೆ ಕೂತ್ಬಿಡತ್ತೆ, ಮೊದಲು ನುಣುಪಾದ ಬಟರ್ ಪೇಪರು, ಅದರ ಮೇಲೆ ಗುಳ್ಳೆ ಹೊರಗೆ ಬರೋ ಹಾಗೆ ಶೀಟು. ಗಾಡೀಲಿ ನಿಲ್ಲಿಸಿ ಕಟ್ಟಿ, ಒಂದರ ಮೇಲೊಂದು ಮಲಗಿಸ್ಬೇಡಿ.

ಕ್ಯಾಲೆಂಡರು, ಮಗ್ಗು, ಸ್ಮರಣ ಸಂಚಿಕೆ ಮಾಡೋ ಆಸೆ ಎಲ್ಲರಿಗೂ ಬರತ್ತೆ, ಆಗ ಇದು ನೆನಪಿರಲಿ: ಚಿತ್ರ ಗ್ಯಾಲರಿದೇ ಆಗಿದ್ರೂ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರದ್ದೇ, ಅವರು ಬರೆದು ಕೊಟ್ಟಿದ್ರೆ ಮಾತ್ರ ಬೇರೆಯವರಿಗೆ ಹೋಗತ್ತೆ. 1957ರ ಕಾಯ್ದೆ ಪ್ರಕಾರ ಅವರ ಜೀವಮಾನ ಪೂರ್ತಿ, ಅವರು ಹೋದ್ಮೇಲೆ ಇನ್ನೂ 60 ವರ್ಷ ವಾರಸುದಾರರಿಗೆ. ಹಾಗಾಗಿ ಅಚ್ಚು ಹಾಕೋಕೆ ಮುಂಚೆ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ, ಯಾವುದಕ್ಕೆ ಎಷ್ಟು ವರ್ಷಕ್ಕೆ ಅಂತ ಸ್ಪಷ್ಟ ಬರೀರಿ, ಬರೀದಿದ್ರೆ ಕಾನೂನು ಅದನ್ನ 5 ವರ್ಷ ಅಂತ ತಗೊಳ್ಳತ್ತೆ. ಮಾರಿದ ದುಡ್ಡಲ್ಲಿ ಅವರಿಗೊಂದು ಪಾಲು ಕೊಡಿ.

ಗೋಡೆ ಮೇಲೆ

ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬರೋ ಹಾಗೆ ಹಾಕಿದ್ರೆ ನಿಂತು ನೋಡೋರ ಕಣ್ಣಿಗೆ ಸರಿ ಬರತ್ತೆ. ಸಣ್ಣ ದೊಡ್ಡ ಚಿತ್ರ ಪಕ್ಕಪಕ್ಕ ಇದ್ದಾಗ ಮೇಲಂಚು ಸಮ ಮಾಡೋಕೆ ಹೋಗ್ಬೇಡಿ, ನಡುಮಧ್ಯ ಸಮ ಮಾಡಿ. ಎರಡು ಕಡೆ ಎರಡು ಕೊಂಡಿ, ಎರಡು ಮೊಳೆ, ಆಗ ಚಿತ್ರ ವಾಲಲ್ಲ. ಹೊರಗೋಡೆ ಮಲೆನಾಡಲ್ಲಿ ಬೆವರತ್ತೆ, ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕಿನ ಚೂರು ಅಂಟಿಸಿದ್ರೆ ಹಿಂದೆ ಗಾಳಿ ಆಡತ್ತೆ.

ಬೆಳಕಿನ ವಿಷಯದಲ್ಲಿ ಮಾತ್ರ ದಯವಿಟ್ಟು ಧಾರಾಳ ಮಾಡ್ಬೇಡಿ. ಕಾಗದದ ಮೇಲಿನ ಜಲವರ್ಣಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ (ಲಕ್ಸ್ ಅಂದ್ರೆ ಚಿತ್ರದ ಮೇಲೆ ಬೀಳೋ ಬೆಳಕಿನ ಅಳತೆ), ಇದು ಮ್ಯೂಸಿಯಂನವರು ಪಾಲಿಸೋ ಲೆಕ್ಕ, ಫೋನಲ್ಲಿ ಲಕ್ಸ್ ಅಳೆಯೋ ಆಪ್ ಸಿಗತ್ತೆ, ಅಂದಾಜಿಗೆ ಸಾಕು. ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನ ನೋಡಿದವರಿಗೆ ಗೊತ್ತಿರತ್ತೆ, ಆ ಮಂಜು, ಆ ಬೆಟ್ಟದ ನೀಲಿ ಎಷ್ಟು ತೆಳು ಅಂತ, ಅಂಥ ಬಣ್ಣ ಬಿಸಿಲಿಗೆ ಒಮ್ಮೆ ಹಾರಿದ್ರೆ ವಾಪಸ್ ಬರಲ್ಲ. ಕಿಟಕಿಗೆ ಕೋರಾ ಬಟ್ಟೆ ಪರದೆ ಹಾಕಿ. ಉದ್ಘಾಟನೆಗೆ ವಿಡಿಯೋದವರು ಹ್ಯಾಲೋಜನ್ ಲೈಟು ತಂದ್ರೆ ಅದನ್ನ ಕೆಳಗಿನ ಅಂಗಳದಲ್ಲೇ ನಿಲ್ಲಿಸಿ.

ಕಟ್ಟಿದವರ ಗೋಡೆ ಅಂತ ಒಂದನ್ನ ಬೇರೆ ಇಟ್ವಿ. ವರ್ಷಾವಾರು ಪಟ್ಟಿ ಬದಲು ವಸ್ತುಗಳನ್ನಿಟ್ವಿ: ಮೊದಲ ಬೀಗದ ಕೈ, ಕಂಡಕ್ಟರಿಗೆ ಕೊಡ್ತಿದ್ದ ಬಣ್ಣದ ಚೀಟಿ ಒಂದು, ಬಾಡಿಗೆ ಬಾಕಿ ಬರೆದ ಪುಟ, ಪೇಂಟರ್ ಅಣ್ಣನ ಸುಣ್ಣದ ದಾರ, ಅಂದ್ರೆ ಅಕ್ಷರಕ್ಕೆ ಗೆರೆ ಹೊಡೆಯೋಕೆ ಬಳಸ್ತಿದ್ದ ದಾರ. ಜನ ಜಾಸ್ತಿ ಹೊತ್ತು ನಿಂತಿದ್ದು ಅಲ್ಲೇ. ವಿವರದ ಚೀಟಿಗಳು ಕನ್ನಡದಲ್ಲಿ ಮೊದಲು, ಅಕ್ಷರ ದಪ್ಪ ಇರಲಿ, ಬಂದು ಓದೋರು ಅದೇ ವಯಸ್ಸಿನವರು ಕನ್ನಡಕ ಮರೆತು ಬಂದಿರ್ತಾರೆ.

ಹಸೆ ಚಿತ್ತಾರ ಗೋಡೆಯದ್ದು, ಅದನ್ನ ಮೊಳೆಗೆ ತೂಗುಹಾಕೋಕೆ ಆಗಲ್ಲ. ಸಣ್ಣ ಕೋಣೆಯ ಒಂದು ಗೋಡೆಯನ್ನ ಅಮ್ಮನಿಗೆ ಬಿಟ್ಟುಕೊಟ್ವಿ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು ಒಣಗಿಸ್ಬೇಕು, ಬಿಳಿಗೆ ಅಕ್ಕಿ ನೆನೆಸಿ ಅರೆದಿದ್ದು, ಕಪ್ಪಿಗೆ ಕರಿಯಾಗೋವರೆಗೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬ್ರಷ್ಷು ಪುಂಡಿ ನಾರಿಂದು. ನಾರನ್ನ ಅವರು ಹಲ್ಲಲ್ಲಿ ಕಚ್ಚಿ ಮೆತ್ತಗೆ ಮಾಡ್ಕೊಂಡು ಎಷ್ಟು ಸಣ್ಣ ಗೆರೆ ಎಳೀತಾರೆ ಅಂದ್ರೆ ನೋಡೋರು ಉಸಿರು ಬಿಗಿ ಹಿಡೀತಾರೆ. ಇಂಥದ್ದು ಮಾಡಿಸೋದಾದ್ರೆ ಕಾರ್ಯಕ್ರಮದ ದಿನ ವೇದಿಕೆ ಮೇಲೆ ಹತ್ತು ನಿಮಿಷದ ಪ್ರದರ್ಶನ ಅಂತ ಇಡ್ಬೇಡಿ, ಅದು ಆ ಕೆಲಸಕ್ಕೆ ಮಾಡೋ ಅವಮಾನ. ನಾಲ್ಕೈದು ದಿನ ಮುಂಚೆನೇ ಕರೀರಿ, ಮಕ್ಕಳು ಬಂದು ಕೂತು ನೋಡ್ಲಿ, ಜೊತೆಗೆ ಹಾಡು ಹೇಳೋ ಹೆಂಗಸರು ಬರ್ತೀವಿ ಅಂದ್ರೆ ಅವರಿಗೂ ವ್ಯವಸ್ಥೆ ಮಾಡಿ, ಎಲ್ಲರಿಗೂ ದಿನದ ಸಂಭಾವನೆ ಕವರಲ್ಲಿ ಅವತ್ತವತ್ತೇ ಕೊಡಿ. ಕಟ್ಟಿದವರು ತಾನೇ ಅಂತ ಪುಕ್ಕಟೆ ಮಾಡಿಸ್ಬೇಡಿ.

ದುಡ್ಡು

ಜಾಸ್ತಿ ಖರ್ಚಾಗೋದು ಫ್ರೇಮು, ಅಚ್ಚು, ಊಟ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರೀಲಿ, ಲಲಿತಕಲಾ ಅಕಾಡೆಮೀಲಿ ಸಹಾಯಧನದ ಬಗ್ಗೆ ವರ್ಷದ ಮೊದಲೇ ವಿಚಾರಿಸಿ, ಬಂದ್ರೆ ಕೂಡ ತಡವಾಗಿ ಬರತ್ತೆ ಅಂತ ಇಟ್ಕೊಂಡೇ ಲೆಕ್ಕ ಹಾಕಿ. ಸಂಸ್ಥೆಗೆ 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೇಲಿ ರಿಯಾಯಿತಿ ಕೊಡಿಸೋ ಮಾನ್ಯತೆ) ಇದ್ರೆ ದಾನಿಗಳಿಗೆ ಮೊದಲ ಮಾತಲ್ಲೇ ಹೇಳಿ. ಒಬ್ಬರೇ ಪೂರ್ತಿ ಕೊಡ್ತೀವಿ ಅಂದ್ರೆ ನಾನಾದ್ರೆ ಬೇಡ ಅಂತೀನಿ, ಆಹ್ವಾನ ಪತ್ರಿಕೇಲಿ ಅವರ ಫೋಟೋ ಮೇಷ್ಟ್ರ ಫೋಟೋಗಿಂತ ದೊಡ್ಡದಾಗತ್ತೆ. ನಾವು ಒಂದೊಂದು ಚಿತ್ರದ ಫ್ರೇಮಿನ ಖರ್ಚು ಒಂದೊಂದು ಮನೆಗೆ ಅಂತ ಹಂಚಿದ್ವಿ, ಜನ ಖುಷಿಯಿಂದ ಕೊಟ್ರು, ಆಮೇಲೆ ತಮ್ಮ ಫ್ರೇಮು ನೋಡೋಕೆ ನೆಂಟರನ್ನೂ ಕರ್ಕೊಂಡು ಬಂದ್ರು.

ಆ ದಿನ

ವೇದಿಕೆ ಮೇಲೆ ಐದು ಕುರ್ಚಿ, ಆರನೇದು ಹಾಕ್ಬೇಡಿ. ರಾಜಕೀಯದವರನ್ನ ಕರೀಬೇಡಿ ಅಂತ ಹೇಳಲ್ಲ, ರಸ್ತೆ ಕರೆಂಟು ಎಲ್ಲಕ್ಕೂ ಅವರು ಬೇಕು, ಆದ್ರೆ ಅವರು ಬರೋವರೆಗೂ ಎಂಬತ್ತರ ಮೇಷ್ಟ್ರನ್ನ ಕೂರಿಸಿ ಕಾಯಿಸ್ಬೇಡಿ, ಹಾಕಿದ ಟೈಮಿಗೆ ಶುರು ಮಾಡಿ, ಬಂದವರು ಬಂದಾಗ ಸೇರ್ಕೊಳ್ಳಲಿ. ಸನ್ಮಾನ ಕೊನೇಲಿ ಇಡಬೇಡಿ, ಅಷ್ಟೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರ್ತಾರೆ, ಮೊದಲೇ ಮಾಡಿ. ಕಟ್ಟಿದವರ ಬಗ್ಗೆ ಮಾತಾಡೋಕೆ ದೊಡ್ಡ ಸಾಹಿತಿಗಳನ್ನ ಕರೆಯೋ ಬದಲು ಅವರ ಕೈಲಿ ಕಲಿತವರನ್ನ ಎಬ್ಬಿಸಿ, ಒಬ್ಬೊಬ್ಬರಿಗೆ ಮೂರು ನಿಮಿಷ, ಒಂದೇ ಒಂದು ಘಟನೆ ಹೇಳ್ಬೇಕು. ನಮ್ಮ ಟೈಲ್ಸ್ ಮೇಸ್ತ್ರಿ ಮೈಕು ಹಿಡ್ಕೊಂಡು ಮಾತೇ ಬರದೆ ಮೇಷ್ಟ್ರ ಕಾಲಿಗೆ ನಮಸ್ಕಾರ ಮಾಡಿ ಇಳಿದುಬಿಟ್ಟ, ಅದಕ್ಕಿಂತ ಒಳ್ಳೇ ಭಾಷಣ ಅವತ್ತು ಆಗಲಿಲ್ಲ.

ಶಾಲಿನ ಜೊತೆ ಅವರಿಗೆ ಬೇಕಾದ್ದೇನಾದ್ರೂ ಕೊಡಿ. ಒಬ್ಬ ಮೇಷ್ಟ್ರಿಗೆ ಒಳ್ಳೇ ಜಲವರ್ಣದ ಕಾಗದ, ಇನ್ನೊಬ್ಬರಿಗೆ ಕಣ್ಣು ಮಂಜಾಗಿತ್ತು ಅವರಿಗೆ ಅವರ ಎಲ್ಲ ಚಿತ್ರಗಳ ದೊಡ್ಡ ಪ್ರಿಂಟಿನ ಆಲ್ಬಮ್ಮು.

ನಮ್ಮದು ಉಪ್ಪರಿಗೆ ಅಂದ್ನಲ್ಲ, ಮೆಟ್ಟಿಲು ಕಡಿದು. ಹಿರಿಯ ಮೇಷ್ಟ್ರಿಗೆ ಮೊಣಕಾಲು ನೋವು, ಹುಡುಗರು ಕುರ್ಚಿ ಸಮೇತ ಎತ್ಕೊಂಡು ಹೋಗ್ತೀವಿ ಅಂತ ನಿಂತಿದ್ರು. ಅದೃಷ್ಟಕ್ಕೆ ಹಿಂದಿನ ದಿನ ಅವರನ್ನೇ ಕೇಳಿದ್ವಿ, ಅವರು "ನನ್ನನ್ನ ಎತ್ತಬೇಡ್ರೋ, ಚಿತ್ರ ಇಳಿಸ್ರೋ" ಅಂದ್ರು. ಎಂಟು ಚಿತ್ರ ಕೆಳಗೆ ಮಂಡಿ ಜಗಲಿಗೆ ಇಳಿಸಿದ್ವಿ, ನೆರಳಲ್ಲಿ ಈಸೆಲ್ ಮೇಲೆ. ಅವರು ಒಂದೊಂದರ ಮುಂದೇನೂ ಕುರ್ಚಿ ಹಾಕಿಸ್ಕೊಂಡು ಕೂತ್ರು. ನೀವೂ ಇಂಥದ್ದನ್ನೆಲ್ಲ ಅವರನ್ನೇ ಕೇಳಿ ಮಾಡಿ. ಕೈ ಇರೋ ಕುರ್ಚಿ, ಹತ್ತಿರದಲ್ಲೇ ಶೌಚಾಲಯ, ಬಿಸಿನೀರು, ಸಕ್ಕರೆ ಇಲ್ಲದ ಕಾಫಿ ಇವು ನಾಲ್ಕು ಮರೀಬೇಡಿ.

ಬೆಂಗಳೂರಲ್ಲಿ ಚಿತ್ರಸಂತೆ ದಿನ ಕುಮಾರಕೃಪಾ ರಸ್ತೆ ಪೂರ್ತಿ ಗ್ಯಾಲರಿ ಆಗತ್ತಲ್ಲ, ಗ್ಯಾಲರಿ ಬಾಗಿಲು ದಾಟೋಕೆ ಹಿಂಜರಿಯೋ ಜನ ರಸ್ತೇಲಿ ಆರಾಮಾಗಿ ನಿಂತು ಚೌಕಾಸಿ ಮಾಡಿ ಚಿತ್ರ ಕೊಳ್ತಾರೆ. ಅದನ್ನ ನೋಡಿ ನಾವು ಮಧ್ಯಾಹ್ನದ ಮೇಲೆ ಮಂಡಿ ಮುಂದಿನ ರಸ್ತೇಲಿ ಮೂವತ್ತು ಟೇಬಲ್ ಹಾಕಿದ್ವಿ, ಪೊಲೀಸ್ ಠಾಣೆಗೂ ಪುರಸಭೆಗೂ ಹದಿನೈದು ದಿನ ಮುಂಚೆ ಅರ್ಜಿ ಕೊಟ್ಟು. ಸಂತೆ ದಿನಾನೇ ಇಟ್ಕೊಂಡಿದ್ರಿಂದ ತರಕಾರಿ ಚೀಲ ಹಿಡಿದವರೂ ನಿಂತು ಮುಖಚಿತ್ರ ಬರೆಸ್ಕೊಂಡ್ರು.

ಮುಗಿದ್ಮೇಲೆ

ಶಾಮಿಯಾನ ಬಿಚ್ಚಿದ್ಮೇಲೆ ಎಲ್ಲರೂ ಸುಸ್ತು, ಆಗಲೇ ತಪ್ಪಾಗೋದು. ತಂದ ಚಿತ್ರಗಳನ್ನ ಹೇಳಿದ ತಾರೀಕಿಗೆ ವಾಪಸ್ ಕೊಡಿ, ತಂದಾಗಿನ ಫೋಟೋ ಪಕ್ಕ ಇಟ್ಟು ಅವರ ಎದುರಿಗೇ ನೋಡಿ, ರಸೀದಿ ಮೇಲೆ ಸಹಿ ತಗೊಳ್ಳಿ. ರೆಕಾರ್ಡಿಂಗು, ಫೋಟೋ, ಪಟ್ಟಿ ಎಲ್ಲ ಮೂರು ಕಡೆ ಇಡಿ, ಗ್ಯಾಲರಿ ಕಂಪ್ಯೂಟರಲ್ಲಿ ಒಂದು, ಬೇರೆ ಮನೇಲಿ ಹಾರ್ಡ್ ಡಿಸ್ಕಲ್ಲಿ ಒಂದು, ಆನ್‌ಲೈನಲ್ಲಿ ಒಂದು. ಮಾತಾಡಿದವರ ಮನೆಗೆಲ್ಲ ಅವರವರ ರೆಕಾರ್ಡಿಂಗನ್ನ ಪೆನ್ ಡ್ರೈವಲ್ಲಿ ತಲುಪಿಸಿ. ಪೇಂಟರ್ ಅಣ್ಣನ ಆ ಒಂದು ಗಂಟೆ ಮಾತನ್ನ ಅವರ ಮಗಳಿಗೆ ಕೊಟ್ಟಾಗ ಅವಳು ಅಲ್ಲೇ ಕೂತು ಕೇಳಿದ್ಲು, ನಲವತ್ತನೇ ನಿಮಿಷದ ಹತ್ರ ಅವರು ಕೆಮ್ಮಿ "ನೀರು ಕೊಡೇ" ಅಂತ ಯಾರಿಗೋ ಹೇಳೋದು ಬರತ್ತೆ, ಅದನ್ನ ಹಿಂದಕ್ಕೆ ಹಾಕಿ ಇನ್ನೊಂದು ಸಲ ಕೇಳಿದ್ಲು. ರೆಕಾರ್ಡಿಂಗ್ ಎಡಿಟ್ ಮಾಡೋರಿಗೆ ಹೇಳಿ, ಅಂಥದ್ದನ್ನ ಕತ್ತರಿಸಬೇಡಿ ಅಂತ.